ಹೆಬ್ಬಾತಿಗಿಲ್ಲದ ಪರ್ಮಿಟ್ ಬೆಕ್ಕಿನ ಊಟಕ್ಕೇಕೆ?

ಲಕ್ಷ್ಮೇಶ್ವರದ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅಮೆರಿಕದಲ್ಲಿರುವ ಮಗ ಮನೆಯ ಬೆಕ್ಕಿಗೆಂದು ‘ಫ್ರೀಜ್ ಡ್ರೈಡ್’ ಹಸಿ ಕೋಳಿಮಾಂಸದ ಪೊಟ್ಟಣ, ಒಂದು ಕೊರಳಪಟ್ಟಿ, ಎರಡು ರಬ್ಬರ್ ಆಟಿಕೆ ಕಳಿಸಿದ್ದನಂತೆ. ಪಟ್ಟಿ, ಆಟಿಕೆಗಳು ಸುಂಕ ಕಟ್ಟಿದ ಮೇಲೆ ಮನೆ ಸೇರಿದವು. ಮಾಂಸದ ಪೊಟ್ಟಣಕ್ಕೆ ಮಾತ್ರ ‘ಸ್ಯಾನಿಟರಿ ಇಂಪೋರ್ಟ್ ಪರ್ಮಿಟ್’ ಇಲ್ಲವೆಂದು ತಡೆ ಬಿತ್ತು. ಅವರ ತಕರಾರು ಹೀಗಿದೆ: ‘ನಮ್ಮೂರ ಪಕ್ಕದ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹೆಬ್ಬಾತುಗಳು ಬಂದಿಳಿಯುತ್ತವೆ. ಹಕ್ಕಿಜ್ವರ ಹೊತ್ತು ತರುವ ಹಕ್ಕಿಗಳೇ ಅವು ಎಂದು ಓದಿದ್ದೇನೆ. ಅವಕ್ಕೆ ಯಾವ ಪರ್ಮಿಟ್ಟೂ ಇಲ್ಲ. ಕಾರ್ಖಾನೆಯಲ್ಲಿ ಪ್ಯಾಕ್ ಆಗಿ ಬಂದ ಅರ್ಧ ಕೆಜಿ ಮಾಂಸಕ್ಕೆ ಏಕೆ?’

ಪ್ರಶ್ನೆ ಗಟ್ಟಿಯಾಗಿದೆ. ‘ಕಾನೂನು ಹಾಗೆ ಹೇಳುತ್ತದೆ’ ಎಂದು ಮುಗಿಸಿಬಿಟ್ಟರೆ ಅದಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ. ಮೊದಲು ಹೆಬ್ಬಾತಿನ ವಿಚಾರವನ್ನೇ ನೋಡೋಣ.

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಸುಮಾರು 134 ಎಕರೆಯದು. 2024ರಲ್ಲಿ ಅದಕ್ಕೆ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ನವೆಂಬರ್ ಹೊತ್ತಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ನೀರಿನಲ್ಲಿದ್ದು, ಸಂಜೆ ಮತ್ತು ನಸುಕಿನಲ್ಲಿ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಮಾರ್ಚ್ ಬಂತೆಂದರೆ ಹೊರಟವು. ಇವು ಹಿಮಾಲಯ ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ್ದನ್ನು ಮೈಗೆ ಕಟ್ಟಿದ ಉಪಗ್ರಹ ಸಾಧನಗಳು ದಾಖಲಿಸಿವೆ. 2005ರ ಬೇಸಿಗೆಯಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಎಚ್5ಎನ್1 ಹಕ್ಕಿಜ್ವರಕ್ಕೆ ಆರು ಸಾವಿರಕ್ಕೂ ಹೆಚ್ಚು ಕಾಡುಹಕ್ಕಿಗಳು ಸತ್ತವು. ಅವುಗಳಲ್ಲಿ ದೊಡ್ಡ ಪಾಲು ಇದೇ ಪಟ್ಟೆತಲೆಯವು. ಅಂದರೆ ಓದುಗರ ಆತಂಕಕ್ಕೆ ಬುಡವಿದೆ. ವಲಸೆ ಹಕ್ಕಿಗಳು ಈ ವೈರಸ್ಸನ್ನು ದೇಶದಿಂದ ದೇಶಕ್ಕೆ ಸಾಗಿಸಬಲ್ಲವು.

ಆದರೆ ಹಕ್ಕಿಗೊಂದು ಮಿತಿಯಿದೆ. ಜ್ವರ ಜೋರಾದ ಹಕ್ಕಿ ಹಿಮಾಲಯ ದಾಟುವುದು ಕಷ್ಟ. ದಾಟಿ ಬಂದರೂ ಅದರ ಹಿಕ್ಕೆಯಲ್ಲಿ ಬಿದ್ದ ವೈರಸ್ ಕೆರೆಯ ನೀರಿನಲ್ಲಿ ತೆಳುವಾಗುತ್ತದೆ, ಗದುಗಿನ ಬಿಸಿಲಿಗೆ ಸಿಕ್ಕಿ ಬೇಗ ಸಾಯುತ್ತದೆ. ಪೊಟ್ಟಣದೊಳಗಿನ ಮಾಂಸಕ್ಕೆ ಈ ಮಿತಿ ಯಾವುದೂ ಇಲ್ಲ. ಅಲ್ಲಿ ಬಿಸಿಲಿಲ್ಲ, ನೀರಿಲ್ಲ, ದಣಿವಿಲ್ಲ. ಒಳಗಿದ್ದದ್ದು ನೇರವಾಗಿ ಬೆಕ್ಕಿನ ಬಾಯಿಗೆ ಹೋಗುತ್ತದೆ.

ಫ್ರೀಜ್ ಡ್ರೈಯಿಂಗ್ ನಡೆಯುವ ಬಗೆಯನ್ನೇ ನೋಡಿ. ಮಾಂಸವನ್ನು ಮೊದಲು ಮೈನಸ್ ಉಷ್ಣತೆಯಲ್ಲಿ ಹೆಪ್ಪುಗಟ್ಟಿಸುತ್ತಾರೆ. ಆಮೇಲೆ ನಿರ್ವಾತದಲ್ಲಿಟ್ಟರೆ ಒಳಗಿನ ಮಂಜು ನೀರಾಗದೆ ನೇರವಾಗಿ ಆವಿಯಾಗಿ ಹೊರಬೀಳುತ್ತದೆ. ಬೆಂಕಿಯ ಸೋಂಕಿಲ್ಲದೆ ಮಾಂಸ ಒಣಗಿ ಹಗುರಾಗುತ್ತದೆ. ಪ್ರೋಟೀನಿನ ರಚನೆ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಕಂಪನಿಗಳು ‘ಪೋಷಕಾಂಶ ನಷ್ಟವಿಲ್ಲ’ ಎಂದು ಹೊಗಳಿಕೊಳ್ಳುವುದು ಇದನ್ನೇ. ಆದರೆ ಪ್ರಯೋಗಾಲಯದವರು ಬ್ಯಾಕ್ಟೀರಿಯಾ, ವೈರಸ್‌ಗಳನ್ನು ವರ್ಷಗಟ್ಟಲೆ ಜೀವಂತ ಕಾಪಿಡುವುದೂ ಇದೇ ವಿಧಾನದಿಂದ. ಕೆಲವು ಲಸಿಕೆಗಳ ಸೀಸೆಯ ತಳದಲ್ಲಿ ಕಾಣುವ ಬಿಳಿ ಪುಡಿ ಹೀಗೆ ಒಣಗಿಸಿದ ಜೀವಂತ ವೈರಸ್ ಆಗಿರುತ್ತದೆ. ಅದಕ್ಕೆ ದ್ರಾವಣ ಹಾಕಿದೊಡನೆ ಚುಚ್ಚುಮದ್ದು ಸಿದ್ಧ. ಹಸಿ ಮಾಂಸದಲ್ಲಿ ರೋಗಾಣು ಇದ್ದರೆ ಅದನ್ನು ಕೊಲ್ಲುವ ಬದಲು ಪ್ರಯಾಣಕ್ಕೆ ಸಜ್ಜುಮಾಡುವ ತಂತ್ರ ಇದು. ಎಚ್5ಎನ್1 ವೈರಸ್ಸು ಮಾಂಸದ ಒಳತನಕ 70 ಡಿಗ್ರಿ ಸೆಲ್ಸಿಯಸ್ ಶಾಖ ತಗುಲಿದರೆ ಸಾಯುತ್ತದೆ. ಚಳಿಗೆ ಅದು ಸಾಯುವುದಿಲ್ಲ.

ಇದು ಬರೀ ಊಹೆಯಲ್ಲ. 2024ರ ಡಿಸೆಂಬರಿನಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಒಂದು ಬೆಕ್ಕು ಎಚ್5ಎನ್1ಗೆ ಸತ್ತಿತು. ಅದು ಮನೆಬಿಟ್ಟು ಹೊರಗೆ ಕಾಲಿಟ್ಟದ್ದೇ ಇಲ್ಲ. ಅದು ತಿಂದಿದ್ದು ಹೆಪ್ಪುಗಟ್ಟಿಸಿದ ಹಸಿ ಟರ್ಕಿಕೋಳಿ ಮಾಂಸದ ಬ್ರ್ಯಾಂಡೆಡ್ ಆಹಾರ. ಬೆಕ್ಕಿನ ದೇಹದ ವೈರಸ್ಸಿನ ತಳಿಗುರುತು ಪೊಟ್ಟಣದೊಳಗಿನದ್ದಕ್ಕೆ ಸರಿಹೊಂದಿತು. ಮರುತಿಂಗಳೇ ನಮ್ಮ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕುಬೆಕ್ಕುಗಳಲ್ಲಿ ಎಚ್5ಎನ್1 ಪತ್ತೆಯಾಯಿತು. ಬೆಕ್ಕಿಗೆ ಈ ಜ್ವರ ಹತ್ತಿದರೆ ಬದುಕುವುದು ಕಷ್ಟ. ಓದುಗರ ಬೆಕ್ಕಿನ ಹೆಸರಿಗೆ ಬಂದ ಪೊಟ್ಟಣವೂ ಅದೇ ದೇಶದ್ದು, ಅದೇ ಹಸಿ ಮಾಂಸದ ಜಾತಿಯದು.

ಹಾಗಾದರೆ ವೈರಸ್ಸು ಸಾಯುವಂತೆ ಬೇಯಿಸಿದ ಆಹಾರಕ್ಕೂ ಪರ್ಮಿಟ್ ಏಕೆ ಬೇಕು? ಇದಕ್ಕೆ ಉತ್ತರ ಬ್ರಿಟನ್ನಿನಲ್ಲಿದೆ. 1986ರಲ್ಲಿ ಅಲ್ಲಿ ದನಗಳ ‘ಹುಚ್ಚುಹಸು ರೋಗ’ ಗುರುತಿಗೆ ಬಂತು. ಸತ್ತ ಪ್ರಾಣಿಗಳ ಮಾಂಸ, ಮೂಳೆಗಳನ್ನು ಪುಡಿಮಾಡಿ ಮತ್ತೆ ದನಗಳಿಗೇ ಮೇವಾಗಿ ಹಾಕಿದ್ದರಿಂದ ಅದು ಹಬ್ಬಿತ್ತು. 1990ರಲ್ಲಿ ಬ್ರಿಸ್ಟಲ್ ನಗರದ ಸಯಾಮೀ ಬೆಕ್ಕೊಂದರ ಮಿದುಳಿನಲ್ಲಿ ಅದೇ ಬಗೆಯ ರಂಧ್ರಗಳು ಕಂಡವು. ಹುಲ್ಲು ತಿನ್ನುವ ದನದ ರೋಗ ಬೆಕ್ಕಿಗೆ ದಾಟಿದ್ದು ಅದರ ಆಹಾರದ ಮೂಲಕ. ಈ ರೋಗಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಮಡಿಕೆ ತಪ್ಪಿದ ಒಂದು ಪ್ರೋಟೀನು, ‘ಪ್ರಯಾನ್’. ಇದನ್ನು ಮಂಡಿಸಿದ ಸ್ಟ್ಯಾನ್ಲಿ ಪ್ರೂಸಿನರ್ ಅವರಿಗೆ 1997ರಲ್ಲಿ ನೊಬೆಲ್ ಬಂತು. ಸಾಮಾನ್ಯ ಅಡುಗೆಯ ಶಾಖಕ್ಕೆ ಪ್ರಯಾನ್ ಜಗ್ಗುವುದಿಲ್ಲ. ಡಬ್ಬಿಯನ್ನು ತೆರೆದು ನೋಡಿದರೂ ಮೂಸಿದರೂ ಅದು ಗೊತ್ತಾಗುವುದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಇದು ಎಲ್ಲಿಯ, ಎಂಥ ಪ್ರಾಣಿಯ ಮಾಂಸ?’ ಎಂಬುದು. ರಫ್ತು ಮಾಡುವ ದೇಶದ ಸರ್ಕಾರಿ ಪಶುವೈದ್ಯರು ಬರೆದುಕೊಡುವ ಪ್ರಮಾಣಪತ್ರ ಇದಕ್ಕೆ ಉತ್ತರಿಸುತ್ತದೆ.

ಈ ಪ್ರಮಾಣಪತ್ರದ ಪದ್ಧತಿ ಜಗತ್ತಿಗೆ ಬಂದ ಕಥೆ ನನಗೆ ಬಲು ಇಷ್ಟ. ಏಕೆಂದರೆ ಅದರ ಮೂಲದಲ್ಲಿ ಇರುವುದು ನಮ್ಮ ದನಗಳು.

ನಮ್ಮ ಹಿರಿಯರು ‘ದೊಡ್ಡರೋಗ’ ಎನ್ನುತ್ತಿದ್ದ ರಿಂಡರ್‌ಪೆಸ್ಟ್ ಹಟ್ಟಿಗೆ ಹೊಕ್ಕರೆ ವಾರದೊಳಗೆ ಕೊಟ್ಟಿಗೆಗಳು ಬರಿದಾಗುತ್ತಿದ್ದವು. 1880ರ ದಶಕದ ಕೊನೆಯಲ್ಲಿ ಇಟಲಿಯ ಸೇನೆಗಾಗಿ ಭಾರತದಿಂದ ಸಾಗಿಸಿದ ದನಗಳ ಜತೆ ಈ ರೋಗ ಇಂದಿನ ಎರಿಟ್ರಿಯಾ ತೀರದಲ್ಲಿ ಇಳಿಯಿತು ಎಂಬುದು ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುವ ಮಾತು. ಹತ್ತೇ ವರ್ಷದಲ್ಲಿ ಅದು ಆಫ್ರಿಕಾದ ದಕ್ಷಿಣ ತುದಿ ಮುಟ್ಟಿತು. ಎತ್ತುಗಳಿಲ್ಲದೆ ಹೊಲ ಬೀಳುಬಿದ್ದು ಇಥಿಯೋಪಿಯಾ ಕಂಡ ಬರಗಾಲ ಆ ದೇಶದ ನೆನಪಿನಲ್ಲಿ ಇನ್ನೂ ಉಳಿದಿದೆ. 1920ರಲ್ಲಿ ಭಾರತದ ಗೂಳಿತಳಿಯ ದನಗಳನ್ನು ಬ್ರೆಜಿಲ್‌ಗೆ ಒಯ್ಯುತ್ತಿದ್ದವರು ದಾರಿಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಅವನ್ನು ಇಳಿಸಿದರು. ಅಲ್ಲಿ ಬೇರೆ ದನಗಳಿಗೆ ರೋಗ ಅಂಟಿತು. ಆ ದನಗಳು ಸಂತೆಗಳಿಗೆ ಹೋದವು. ದೊಡ್ಡರೋಗ ಮುಗಿದೇಹೋಯಿತೆಂದು ನಿಶ್ಚಿಂತವಾಗಿದ್ದ ಯುರೋಪು ಬೆಚ್ಚಿಬಿತ್ತು. 1921ರಲ್ಲಿ ಪ್ಯಾರಿಸ್‌ನಲ್ಲಿ ಸಭೆ ಸೇರಿತು. 1924ರ ಜನವರಿ 25ರಂದು 28 ದೇಶಗಳು ಸಹಿ ಹಾಕಿ ಪ್ರಾಣಿರೋಗಗಳ ಅಂತರರಾಷ್ಟ್ರೀಯ ಸಂಸ್ಥೆಯನ್ನು ಕಟ್ಟಿದವು. ಮನುಷ್ಯರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿದ್ದು ಅದಾಗಿ 24 ವರ್ಷಕ್ಕೆ. ಇಂದು ಯಾವ ದೇಶದಲ್ಲಿ ಯಾವ ಪ್ರಾಣಿರೋಗ ಎದ್ದಿದೆ ಎಂಬ ಸುದ್ದಿ ಲೋಕಕ್ಕೆ ತಿಳಿಯುವುದು ಇದೇ ಸಂಸ್ಥೆಯಿಂದ. ಆಮದು ನಿಯಮಗಳಿಗೂ ಅದರ ಸಂಹಿತೆಯೇ ಆಧಾರ.

ಆ ರೋಗವನ್ನು ಮಣಿಸಿದ ವಿಜ್ಞಾನದಲ್ಲೂ ನಮ್ಮ ಪಾಲಿದೆ. 1889ರಲ್ಲಿ ಪುಣೆಯಲ್ಲಿ ಶುರುವಾಗಿ ಕುಮಾವೂಂ ಬೆಟ್ಟಗಳ ಮುಕ್ತೇಶ್ವರಕ್ಕೆ ಹೋದ ಪ್ರಯೋಗಾಲಯಕ್ಕೆ 1897ರಲ್ಲಿ ರಾಬರ್ಟ್ ಕಾಕ್ ಅವರೇ ಬಂದಿದ್ದರು. ಅಲ್ಲಿ ಜೆ.ಟಿ. ಎಡ್ವರ್ಡ್ಸ್ 1920ರ ದಶಕದಲ್ಲಿ ದೊಡ್ಡರೋಗದ ವೈರಸ್ಸನ್ನು ಮೇಕೆಯಿಂದ ಮೇಕೆಗೆ ದಾಟಿಸುತ್ತಾ ಹೋದರು. ದನಕ್ಕೆ ಅದರ ಕಸುವು ತಗ್ಗಿತು, ರಕ್ಷಣೆ ಕೊಡುವ ಗುಣ ಉಳಿಯಿತು. ಅದನ್ನೇ ಫ್ರೀಜ್ ಡ್ರೈ ಮಾಡಿ ಹಳ್ಳಿಹಳ್ಳಿಗೆ ಸಾಗಿಸಿದರು. 1954ರಲ್ಲಿ ರಾಷ್ಟ್ರೀಯ ನಿರ್ಮೂಲನಾ ಕಾರ್ಯಕ್ರಮ ಆರಂಭವಾಯಿತು. ದೇಶದ ಕೊನೆಯ ಪ್ರಕರಣ 1995ರದು. 2011ರಲ್ಲಿ ಇಡೀ ಭೂಮಿಯೇ ದೊಡ್ಡರೋಗದಿಂದ ಮುಕ್ತ ಎಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ಭೂಮಿಯಿಂದ ಅಳಿಸಿಹಾಕಿದ ಎರಡನೆಯ ಸೋಂಕು ಇದೇ. ಇಷ್ಟು ದೊಡ್ಡ ಗೆಲುವು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಪುಟಕ್ಕಾದರೂ ಅರ್ಹ.

ಗದಗ ಜಿಲ್ಲೆಗೆ ಇದು ದೂರದ ಕಥೆಯಲ್ಲ. ಮುಂಡರಗಿ, ಶಿರಹಟ್ಟಿ ಸೀಮೆಯಲ್ಲಿ ಸುಗ್ಗಿ ಮುಗಿದ ಎರೆಹೊಲಗಳಲ್ಲಿ ಕುರಿಹಟ್ಟಿ ಇಳಿಯುತ್ತದೆ. ಒಂದು ಹೊಲದಿಂದ ಇನ್ನೊಂದಕ್ಕೆ, ಒಂದು ತಾಲ್ಲೂಕಿನಿಂದ ಮತ್ತೊಂದಕ್ಕೆ ಹಿಂಡು ನಡೆಯುತ್ತದೆ. ಈ ಹಿಂಡುಗಳನ್ನು ಕಾಡುವ ‘ಹಿರೇಬೇನೆ’, ಅಂದರೆ ಪಿಪಿಆರ್, ದೊಡ್ಡರೋಗದ ದಾಯಾದಿ ವೈರಸ್ಸು. 1942ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಮೊದಲು ವರ್ಣಿತವಾದ ಈ ರೋಗ 1987ರಲ್ಲಿ ತಮಿಳುನಾಡಿನಲ್ಲಿ ಪತ್ತೆಯಾಯಿತು. ಆಮೇಲೆ ದೇಶವೆಲ್ಲ ಹರಡಿತು. ಚರ್ಮಗಂಟು ರೋಗದ್ದೂ ಇದೇ ದಾರಿ: 1929ರಲ್ಲಿ ಜಾಂಬಿಯಾ, 2019ರಲ್ಲಿ ಒಡಿಶಾ, 2022ರಲ್ಲಿ ನಮ್ಮ ಕೊಟ್ಟಿಗೆಗಳು. ಆ ವರ್ಷ ದನದ ಸಂತೆಗಳು ನಿಂತದ್ದು, ಮೈತುಂಬ ಗಂಟೆದ್ದ ಎತ್ತುಗಳು ಬಿತ್ತನೆಗೆ ಬಾರದೆ ಹೋದದ್ದು ರೈತರಿಗೆ ಚೆನ್ನಾಗಿ ನೆನಪಿದೆ. ಹೊಸ ರೋಗ ಒಮ್ಮೆ ಒಳಬಂತೆಂದರೆ ಅದನ್ನು ಹೊರಹಾಕಲು ತಲೆಮಾರುಗಳೇ ಬೇಕು.

‘ನನ್ನ ಬೆಕ್ಕಿನ ಬಟ್ಟಲಿಗೂ ಕುರಿಹಟ್ಟಿಗೂ ಏನು ಸಂಬಂಧ?’ ಎನ್ನಬಹುದು. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಬೇನೆ ಎದ್ದು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಅದರ ಮೂಲವನ್ನು ಅಲ್ಲಿನ ಅಧಿಕಾರಿಗಳು ಒಂದು ಹಂದಿ ಸಾಕಣೆ ಕೇಂದ್ರಕ್ಕೆ ಕೊಂಡೊಯ್ದರು: ಸರಿಯಾಗಿ ಕುದಿಸದ ಎಂಜಲು ಆಹಾರ ಅಲ್ಲಿನ ಹಂದಿಗಳ ಹೊಟ್ಟೆ ಸೇರಿತ್ತು, ಅದರಲ್ಲಿ ಅಕ್ರಮವಾಗಿ ಆಮದಾದ ಮಾಂಸ ಇದ್ದಿರಬೇಕೆಂಬುದು ಅವರ ನಿರ್ಣಯ. ಗದುಗಿನ ಬೆಟಗೇರಿಯ ಓಣಿಯಲ್ಲಿ ಬೆಕ್ಕು ಬಿಟ್ಟ ಎಂಜಲು ಮೊದಲು ಚರಂಡಿಗೆ, ಅಲ್ಲಿಂದ ಹಂದಿಗೆ, ಬೀದಿನಾಯಿಗೆ, ಕಾಗೆಗೆ. ಊರ ಅಂಚಿನಲ್ಲೇ ಹಟ್ಟಿ. ನಮ್ಮಲ್ಲಿ ಈ ಅಂತರ ಬ್ರಿಟನ್ನಿಗಿಂತ ಕಡಿಮೆ.

ಇನ್ನು ನಿಯಮ. ತಡೆಗೆ ಬುನಾದಿ 1898ರ ಜಾನುವಾರು ಆಮದು ಕಾಯ್ದೆ. 2001ರಲ್ಲಿ ಅದನ್ನು ತಿದ್ದಿ ಜಾನುವಾರು ಉತ್ಪನ್ನಗಳನ್ನೂ ಸೇರಿಸಿದರು. ಪ್ರಾಣಿಮೂಲದ ಸಾಕುಪ್ರಾಣಿ ಆಹಾರವೂ ಆ ಪಟ್ಟಿಯಲ್ಲಿದೆ. ಅಂಥದ್ದನ್ನು ತರಿಸುವ ಮುಂಚೆಯೇ ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯಿಂದ ಪರ್ಮಿಟ್ ಪಡೆಯಬೇಕು. ಮಾಲಿನ ಜತೆ ಪಶುವೈದ್ಯ ಪ್ರಮಾಣಪತ್ರ ಇರಬೇಕು. ಬಂದಿಳಿದ ಮೇಲೆ ಪ್ರಾಣಿ ಕ್ವಾರಂಟೈನ್ ಕೇಂದ್ರದವರು ಪರಿಶೀಲಿಸುತ್ತಾರೆ. ಬೆಂಗಳೂರಿನಲ್ಲೂ ಅಂಥ ಕೇಂದ್ರವಿದೆ. ಕಚ್ಚಿ ಆಡಲೆಂದು ಕೊಡುವ ಒಣ ಚರ್ಮ, ಹಂದಿಕಿವಿ ಆಟಿಕೆಯಂತೆ ಕಂಡರೂ ಪ್ರಾಣಿಮೂಲದ ಮಾಲೇ. ಪ್ಲಾಸ್ಟಿಕ್ ಬಟ್ಟಲು, ನೈಲಾನ್ ಪಟ್ಟಿ, ರಬ್ಬರ್ ಚೆಂಡಿಗೆ ಸುಂಕವಷ್ಟೇ. ಹುಲ್ಲು, ಬೀಜ, ಹಸಿ ಕಟ್ಟಿಗೆಯ ಸಾಮಾನಿಗೆ 2003ರ ಸಸ್ಯ ಕ್ವಾರಂಟೈನ್ ಆದೇಶ ನೋಡಬೇಕು. ಉಣ್ಣಿ, ಚಿಗಟಕ್ಕೆ ಕೊಡುವ ಮಾತ್ರೆಗಳು ಔಷಧ ಕಾನೂನಿನ ವ್ಯಾಪ್ತಿಗೆ ಬರುತ್ತವೆ. ‘ಗಿಫ್ಟ್’ ಎಂದು ಬರೆಸಿದರೆ ದಾರಿ ಸಲೀಸು ಎಂಬ ಸಲಹೆಯನ್ನು ನಂಬಬೇಡಿ. ಆ ಹೆಸರಿನ ಸುಂಕ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು, ಕ್ವಾರಂಟೈನ್‌ಗೆ ಅದು ಎಂದೂ ಅನ್ವಯಿಸಿರಲಿಲ್ಲ.

ವಿದೇಶಿ ಪೊಟ್ಟಣವೇ ಶ್ರೇಷ್ಠ ಎಂಬ ಪ್ರಚಾರವನ್ನು ನಾನು ಒಪ್ಪುವುದಿಲ್ಲ. 2007ರಲ್ಲಿ ಉತ್ತರ ಅಮೆರಿಕದ ಹತ್ತಾರು ಹೆಸರಾಂತ ಬ್ರ್ಯಾಂಡುಗಳ ಆಹಾರ ತಿಂದ ನಾಯಿ, ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು. ಪ್ರೋಟೀನ್ ಹೆಚ್ಚು ತೋರಿಸಲೆಂದು ಗೋಧಿಯ ಅಂಟಿಗೆ ಮೆಲಮೈನ್ ಬೆರೆಸಿದ್ದರು. ವಿದೇಶದ ಆಹಾರವೇ ಬೇಕೆಂದಿದ್ದರೆ ಅಧಿಕೃತ ಆಮದುದಾರರು ತಂದು ಅಂಗಡಿಯಲ್ಲಿ ಮಾರುವುದನ್ನು ಕೊಳ್ಳಿ. ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಚೀಟಿಯ ಮೇಲಿದೆಯೇ ನೋಡಿ. ಇಲ್ಲದಿದ್ದರೆ ಅದು ಕಳ್ಳದಾರಿಯಲ್ಲಿ ಬಂದಿರುವ ಸಾಧ್ಯತೆಯೇ ಹೆಚ್ಚು. ಬೆಕ್ಕಿಗೆ ಏನು ಎಷ್ಟು ಬೇಕೆಂಬುದನ್ನು ಪಶುವೈದ್ಯರನ್ನು ಕೇಳಿ ತಿಳಿಯಬಹುದು; ಗದಗಿನಲ್ಲೇ ಪಶುವೈದ್ಯಕೀಯ ಕಾಲೇಜು ಇದೆ.

ಓದುಗರ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಹೆಬ್ಬಾತನ್ನು ತಡೆಯಲು ಯಾರಿಂದಲೂ ಆಗದು. ಹಾಗಾಗಿ ತಡೆಯಬಹುದಾದ ದಾರಿಯನ್ನಾದರೂ ಬಿಗಿಯಾಗಿ ಕಾಯಬೇಕು. ಅದರ ಜತೆ ಸರ್ಕಾರವೂ ಒಂದು ಕೆಲಸ ಮಾಡಲಿ. ಯಾವ ವಸ್ತು ತರಿಸಬಹುದು, ಯಾವುದಕ್ಕೆ ಪರ್ಮಿಟ್ ಬೇಕು ಎಂಬ ಒಂದು ಪುಟದ ಕನ್ನಡ ಸೂಚನೆಯನ್ನು ಪ್ರತಿ ಅಂಚೆ ಕಚೇರಿ, ಪಶು ಆಸ್ಪತ್ರೆಯ ಗೋಡೆಗೆ ಅಂಟಿಸಲಿ. ಕಾರಣ ತಿಳಿದ ಜನ ನಿಯಮ ಪಾಲಿಸುತ್ತಾರೆ. ಲಸಿಕೆ ಹಾಕಿಸಲು ದನಗಳನ್ನು ಸಾಲುಗಟ್ಟಿ ನಿಲ್ಲಿಸಿ ದೊಡ್ಡರೋಗವನ್ನು ಓಡಿಸಿದವರು ಇದೇ ಹಳ್ಳಿಗಳ ಜನ.