ಚಡ್ಡಿ ತೊಟ್ಟ ತಮ್ಮನೂ ಹಿಂದೆ ನಿಂತ ಅಣ್ಣನೂ

ಶಾಲೆಯ ಉಡುಪನ್ನು ತೊಟ್ಟ ಹುಡುಗರನ್ನು ಮೂವತ್ತನಾಲ್ಕು ವರ್ಷಗಳ ಕಾಲ ಪ್ರತಿದಿನವೂ ಕಂಡವನು ನಾನು. ಆದರೆ ಎಪ್ಪತ್ತು ತುಂಬಿದ ಮುದುಕನೊಬ್ಬನು ಅದೇ ಉಡುಪಿನಲ್ಲಿ, ಮೊಣಕಾಲು ಕಾಣುವ ಚಡ್ಡಿ, ಕೋಟು, ಟೈಗಳೊಡನೆ, ಸಮುದ್ರದಂತೆ ನೆರೆದ ಜನರೆದುರಿನಲ್ಲಿ ಗಿಟಾರು ಹಿಡಿದು ಕುಣಿಯುವುದನ್ನು ಕಂಡುದು ಈಚೆಗೆ, ನನ್ನ ಸೋದರಳಿಯನ ದಯೆಯಿಂದ. "ಇದು ಸಂಗೀತವೇನಯ್ಯಾ?" ಎಂದು ಕೇಳಿದೆನು. ಅವನು ನಕ್ಕು, ೨೦೦೯ನೆಯ ಇಸವಿಯ ಡಿಸೆಂಬರಿನಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ನಡೆದ ಅದೇ ತಂಡದ ಕಚೇರಿಯ ಚಿತ್ರವನ್ನು ತೋರಿಸಿ, "ಮಾವ, ಕುಣಿಯುವವನನ್ನು ನೋಡಬೇಡಿ. ಹಿಂದೆ, ನಗಾರಿಯವನ ಪಕ್ಕದಲ್ಲಿ ನಿಂತಿದ್ದಾರಲ್ಲ, ಅವರನ್ನು ನೋಡಿ" ಎಂದನು. ಕುಣಿಯುವವನು ಆಂಗಸ್ ಯಂಗ್. ಹಿಂದೆ ನಿಂತವನು ಅವನ ಅಣ್ಣ ಮಾಲ್ಕಮ್ ಯಂಗ್. ತಂಡದ ಹೆಸರು ಎ.ಸಿ.ಡಿ.ಸಿ.

ಅಣ್ಣತಮ್ಮಂದಿರು ಕೂಡಿ ಕಟ್ಟಿದ ವಾದ್ಯಗೋಷ್ಠಿಗಳಿಗೆ ಆ ದೇಶಗಳಲ್ಲಿ ಅಷ್ಟೇನೂ ಒಳ್ಳೆಯ ಹೆಸರಿಲ್ಲ. ಇಂಗ್ಲೆಂಡಿನ 'ಓಯಸಿಸ್' ತಂಡದ ಸಹೋದರರು ೨೦೦೯ರಲ್ಲಿ ಜಗಳವಾಡಿ ಬೇರೆಯಾದವರು, ಮತ್ತೆ ಒಂದೇ ವೇದಿಕೆಯನ್ನು ಹತ್ತುವುದಕ್ಕೆ ೨೦೨೫ನೆಯ ಇಸವಿ ಬರಬೇಕಾಯಿತು. ವಾಲಿಸುಗ್ರೀವರ ಕಥೆ ಕಿಷ್ಕಿಂಧೆಗೆ ಮಾತ್ರ ಸೇರಿದುದಲ್ಲವಷ್ಟೆ. ಯಂಗ್ ಮನೆತನದ ಕಥೆ ಬೇರೆ ರೀತಿಯದು. ಆದುದರಿಂದಲೇ ಅದನ್ನು ವಾಚಕರೆದುರಿಗೆ ಇಡಬೇಕೆನ್ನಿಸಿತು.

ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ಬಡತನದ ಸಂಸಾರ. ಏಳು ಗಂಡುಮಕ್ಕಳು, ಒಬ್ಬಳೇ ಮಗಳು. ಕಡುಚಳಿಗಾಲವೊಂದು ಕಳೆದ ಮೇಲೆ, ೧೯೬೩ರಲ್ಲಿ, ಕುಟುಂಬದ ಬಹುಭಾಗವು ಆಸ್ಟ್ರೇಲಿಯಾ ಖಂಡಕ್ಕೆ ವಲಸೆ ಹೋಗಿ, ಸಿಡ್ನಿ ನಗರದ ಅಂಚಿನ ವಿಲವುಡ್ ಎಂಬಲ್ಲಿ ವಲಸೆಗಾರರ ವಸತಿಶಾಲೆಯಲ್ಲಿ ಇಳಿಯಿತು. ಆಗ ಮಾಲ್ಕಮನಿಗೆ ಹತ್ತು ವರ್ಷ, ಎಲ್ಲರಿಗಿಂತ ಕಿರಿಯನಾದ ಆಂಗಸನಿಗೆ ಎಂಟು. ಅವರ ಅಣ್ಣ ಜಾರ್ಜನು ಆ ವಸತಿಶಾಲೆಯಲ್ಲಿಯೇ ಹ್ಯಾರಿ ವಾಂಡಾ ಎಂಬ ಡಚ್ಚರ ಹುಡುಗನ ಸ್ನೇಹವನ್ನು ಸಂಪಾದಿಸಿ, 'ಈಸಿಬೀಟ್ಸ್' ಎಂಬ ತಂಡವನ್ನು ಸೇರಿ, ೧೯೬೬ರಲ್ಲಿ ದೇಶದೇಶಗಳಲ್ಲಿ ಹೆಸರಾದನು. ಮನೆಯಲ್ಲಿ ಒಬ್ಬನು ಗೆದ್ದುದನ್ನು ಕಂಡ ಕಿರಿಯರು ಸುಮ್ಮನಿರುವುದುಂಟೆ? ಆದರೂ ಹೊಟ್ಟೆಪಾಡಿಗೆ ಮಾಲ್ಕಮನು ಕಾರ್ಖಾನೆಯೊಂದರಲ್ಲಿ ಹೊಲಿಗೆಯಂತ್ರಗಳನ್ನು ರಿಪೇರಿ ಮಾಡುತ್ತಿದ್ದನು.

೧೯೭೩ರ ಕೊನೆಯಲ್ಲಿ ಮಾಲ್ಕಮನು ತಂಡವನ್ನು ಕಟ್ಟಿ ತಮ್ಮನನ್ನು ಸೇರಿಸಿಕೊಂಡನು. ಆ ವರ್ಷದ ಡಿಸೆಂಬರ್ ೩೧ರ ರಾತ್ರಿ ಸಿಡ್ನಿಯ ಒಂದು ಕ್ಲಬ್ಬಿನಲ್ಲಿ ಅವರು ವೇದಿಕೆ ಹತ್ತಿದರು. ತಂಡಕ್ಕೆ ಹೆಸರನ್ನು ಕೊಟ್ಟವಳು ಅಕ್ಕ ಮಾರ್ಗರೆಟ್. ವಿದ್ಯುತ್ತಿನ ಎರಡು ಬಗೆಯ ಪ್ರವಾಹಗಳನ್ನು ಸೂಚಿಸುವ ಆ ನಾಲ್ಕು ಅಕ್ಷರಗಳನ್ನು ಅವಳು ಕಂಡುದು ತನ್ನ ಹೊಲಿಗೆಯಂತ್ರದ ಮೇಲೆ. ಆಂಗಸನು ಶಾಲೆಯಿಂದ ಬಂದೊಡನೆಯೇ ಉಡುಪನ್ನು ಕೂಡ ಬದಲಾಯಿಸದೆ ಗಿಟಾರನ್ನು ಎತ್ತಿಕೊಂಡು ಕೂರುತ್ತಿದ್ದುದನ್ನು ನೆನೆದು, ಆ ಉಡುಪಿನಲ್ಲಿಯೇ ವೇದಿಕೆಗೆ ಹೋಗು ಎಂದವಳೂ ಅವಳೇ. ನಡುವೆ ಗೊರಿಲ್ಲದ ವೇಷವನ್ನು ಕೂಡ ಹಾಕಿ ನೋಡಿದರಂತೆ. ನಿಂತುದು ಶಾಲೆಯ ಚಡ್ಡಿಯೊಂದೇ. ಹದಿನೈದರ ಪ್ರಾಯದ ಹೊತ್ತಿಗೆ ಶಾಲೆಯನ್ನು ಬಿಟ್ಟ ಹುಡುಗನು ಐವತ್ತು ವರ್ಷಕ್ಕೂ ಮಿಕ್ಕಿ ಅದರ ಉಡುಪನ್ನು ಬಿಡಲಿಲ್ಲವೆಂಬುದನ್ನು ನೆನೆದರೆ ಮೇಷ್ಟರಾಗಿದ್ದ ನನಗೆ ನಗೆ ಬರುತ್ತದೆ.

ಜಾರ್ಜನು ತಮ್ಮಂದಿರ ಮೊದಲ ಧ್ವನಿಮುದ್ರಿಕೆಗಳನ್ನು ಹ್ಯಾರಿಯೊಡನೆ ತಾನೇ ಕುಳಿತು ಸಿದ್ಧಪಡಿಸಿದನು. ಹ್ಯಾರಿಯು ಕೊಟ್ಟ ಹಳೆಯ ಗ್ರೆಚ್ ಗಿಟಾರು ಮಾಲ್ಕಮನ ಆಯುಷ್ಯದ ಸಂಗಾತಿಯಾಯಿತು. ಆ ವಾದ್ಯದಲ್ಲಿ ತಂತಿಯ ನಾದವನ್ನು ಹಿಡಿಯುವ ಯಂತ್ರಭಾಗಗಳಲ್ಲಿ ಒಂದನ್ನು ಮಾತ್ರ ಉಳಿಸಿ ಮಿಕ್ಕವನ್ನು ಅವನು ಕಿತ್ತುಹಾಕಿದನು. ಅವನ ವಾದನವೂ ಹಾಗೆಯೇ. ಬೇಡದ ಸ್ವರವಿಲ್ಲ, ಅಲಂಕಾರವಿಲ್ಲ. ನಾಲ್ಕಾರು ಸ್ವರಗಳ ಒಂದು ಗುಚ್ಛ, ಅದಕ್ಕೆ ಅವರು ರಿಫ್ ಎನ್ನುವರು. ಅದನ್ನು ಗಡಿಯಾರದ ಲೋಲಕದಂತೆ ತಪ್ಪದೆ ನುಡಿಸುವುದು. ಅದರ ಮೇಲೆ ತಮ್ಮನು ತನ್ನ ಇಷ್ಟದಂತೆ ಹಾರಾಡುವನು. ನಮ್ಮ ಕಚೇರಿಗಳಲ್ಲಿ ತಂಬೂರಿ ಮೀಟುವವರ ಹೆಸರನ್ನು ಕೇಳುವವರಿಲ್ಲ. ತಂಬೂರಿ ನಿಂತರೆ ಮಾತ್ರ ಎಲ್ಲರೂ ತಿರುಗಿ ನೋಡುವರು. ವ್ಯತ್ಯಾಸವೇನೆಂದರೆ, ಇಲ್ಲಿ ತಂಬೂರಿಯವನೇ ಯಜಮಾನ. ತಂಡದಲ್ಲಿ ಯಾರು ಇರಬೇಕು, ಯಾವ ಹಾಡು ಸಲ್ಲಬೇಕು ಎಂಬುದರಲ್ಲಿ ಮಾಲ್ಕಮನ ಮಾತೇ ಕೊನೆಯ ಮಾತು.

ಹಾಡುಗಳ ವಸ್ತುವನ್ನು ಗೃಹಸ್ಥರ ಮನೆಯಲ್ಲಿ ವಿವರಿಸಲಾರೆನು. ೧೯೭೯ರ ಧ್ವನಿಮುದ್ರಿಕೆಯೊಂದರ ಹೆಸರೇ ನರಕಕ್ಕೆ ಹೋಗುವ ಹೆದ್ದಾರಿ ಎಂದು. ಅದು ಅವರನ್ನು ಅಮೆರಿಕದಲ್ಲಿ ಎತ್ತಿ ನಿಲ್ಲಿಸಿತು. ಆದರೆ ೧೯೮೦ರ ಫೆಬ್ರವರಿ ೧೯ರಂದು ಅವರ ಗಾಯಕ ಬಾನ್ ಸ್ಕಾಟನು ರಾತ್ರಿಯೆಲ್ಲ ಕುಡಿದು ಲಂಡನ್ನಿನಲ್ಲಿ ಸತ್ತನು. ವಯಸ್ಸು ಮೂವತ್ತಮೂರು. ಮಾಲ್ಕಮನು ತಮ್ಮನಿಗೆ, ಸುಮ್ಮನೆ ಕುಳಿತು ಕೊರಗುವುದಕ್ಕಿಂತ ನುಡಿಸೋಣ ಬಾ ಎಂದು ಹೇಳಿ ಕಳುಹಿಸಿದನು. ಬ್ರಯನ್ ಜಾನ್ಸನ್ ಎಂಬ ಹೊಸ ಗಾಯಕನೊಡನೆ ಅದೇ ಜುಲೈ ತಿಂಗಳಲ್ಲಿ 'ಬ್ಯಾಕ್ ಇನ್ ಬ್ಲ್ಯಾಕ್' ಹೊರಬಂದಿತು. ಸತ್ತವನ ಸೂತಕವೆಂದು ಹೊದಿಕೆಯೆಲ್ಲ ಅಚ್ಚ ಕಪ್ಪು. ಮೊದಲು ಕೇಳಿಬರುವುದು ಒಂದು ಟನ್ನು ತೂಕದ ಘಂಟೆಯ ಸದ್ದು. ಅದನ್ನು ಇಂಗ್ಲೆಂಡಿನ ಲಫ್‌ಬರೊ ಪಟ್ಟಣದ ಎರಕದ ಕಾರ್ಖಾನೆಯಲ್ಲಿ ಇದಕ್ಕೆಂದೇ ಎರೆಸಿದರು. ಇದುವರೆಗೆ ಲೋಕದಲ್ಲಿ ಸುಮಾರು ಐದು ಕೋಟಿ ಪ್ರತಿಗಳು ಮಾರಾಟವಾಗಿರುವುದಾಗಿ ಅಂದಾಜು.

ಕುಡಿತವು ಮಾಲ್ಕಮನನ್ನೂ ಬಿಡಲಿಲ್ಲ. ೧೯೮೮ರಲ್ಲಿ ಅದರಿಂದ ಬಿಡುಗಡೆ ಪಡೆಯುವುದಕ್ಕಾಗಿ ಅವನು ಪ್ರವಾಸದ ನಡುವೆಯೇ ರಜ ತೆಗೆದುಕೊಂಡನು. ಆ ಸ್ಥಳಕ್ಕೆ ಹೊರಗಿನವರನ್ನು ಕರೆಯಲಿಲ್ಲ. ಹಿರಿಯಣ್ಣನ ಮಗ ಸ್ಟೀವಿಯು ಬಂದು ನಿಂತನು. ಈ ಅಣ್ಣನ ಮಗನು ಚಿಕ್ಕಪ್ಪ ಆಂಗಸನಿಗಿಂತ ಒಂದೆರಡು ವರ್ಷ ಮಾತ್ರ ಚಿಕ್ಕವನು. ದೊಡ್ಡ ಸಂಸಾರಗಳಲ್ಲಿ ಇಂತಹುದು ನಮಗೇನೂ ಹೊಸದಲ್ಲ. ಮಾಲ್ಕಮನು ಕುಡಿತವನ್ನು ಬಿಟ್ಟು ಮರಳಿ ಬಂದನು, ಸ್ಟೀವಿಯು ಹಿಂದೆ ಸರಿದನು.

ಇನ್ನು ನನ್ನ ಸೋದರಳಿಯನು ತೋರಿಸಿದ ಆ ಚಿತ್ರಕ್ಕೆ ಬರುತ್ತೇನೆ. ೨೦೦೮ರಿಂದ ೨೦೧೦ರವರೆಗೆ ನಡೆದ ಆ ಲೋಕಪ್ರವಾಸದ ಹೊತ್ತಿಗೆ ಮಾಲ್ಕಮನ ನೆನಪು ಅಳಿಯತೊಡಗಿತ್ತು. ತಾನು ಕಟ್ಟಿದ ಸ್ವರಗುಚ್ಛಗಳನ್ನೆಲ್ಲ ಕ್ರಮವಾಗಿ ಕಾಪಾಡಿ, ಎಲ್ಲವನ್ನೂ ಅಚ್ಚುಕಟ್ಟಾಗಿ ಇಡುತ್ತಿದ್ದ ಅಣ್ಣನು ಗೊಂದಲಕ್ಕೆ ಬಿದ್ದುದನ್ನು ಕಂಡಾಗಲೇ ಏನೋ ಸರಿಯಿಲ್ಲವೆಂದು ತನಗೆ ತೋರಿತೆಂದು ಆಂಗಸನು ಆಮೇಲೆ ಪತ್ರಿಕೆಯವರಿಗೆ ಹೇಳಿದನು. ಮೂವತ್ತು ವರ್ಷ ನುಡಿಸಿದ, ತಾನೇ ಕಟ್ಟಿದ ಹಾಡುಗಳನ್ನು ಮಾಲ್ಕಮನು ಕಚೇರಿಗೆ ಮುಂಚೆ ಕುಳಿತು ಹೊಸ ವಿದ್ಯಾರ್ಥಿಯಂತೆ ಕಲಿತುಕೊಳ್ಳುತ್ತಿದ್ದನು. ಇದನ್ನು ಕೇಳಿದ ದಿನ ನಾನು ಊಟಕ್ಕೆ ಏಳದೆ ಸ್ವಲ್ಪ ಹೊತ್ತು ಕುಳಿತಿದ್ದೆನು. ಸಾವಿರ ಸಲ ಹುಡುಗರಿಂದ ಹೇಳಿಸಿದ ಶಬ್ದರೂಪವೊಂದು ಈಚೆಗೆ ಒಂದು ಬೆಳಗ್ಗೆ ನನ್ನ ನಾಲಗೆಗೆ ಬರಲಿಲ್ಲ. ಸ್ನಾನವಾಗುವ ಹೊತ್ತಿಗೆ ಬಂದಿತು. ಅವನಿಗೆ ಬರಲಿಲ್ಲ.

೨೦೧೦ರ ಜೂನ್ ೨೮ರಂದು ಸ್ಪೇನಿನ ಬಿಲ್ಬಾವೊದಲ್ಲಿ ನುಡಿಸಿದುದೇ ಅವನ ಕೊನೆಯ ಕಚೇರಿ. ೨೦೧೪ರಲ್ಲಿ ಅವನ ರೋಗವು ಡಿಮೆನ್ಷಿಯ, ಎಂದರೆ ನೆನಪನ್ನೂ ಬುದ್ಧಿಯನ್ನೂ ಕ್ರಮೇಣ ಅಳಿಸುವ ವ್ಯಾಧಿ, ಎಂದು ಮನೆಯವರು ಪ್ರಕಟಿಸಿದರು. ಸ್ಟೀವಿಯು ಮತ್ತೆ ಬಂದನು. ಈ ಸಲ ಹಿಂದೆ ಸರಿಯುವ ಪ್ರಸಂಗ ಬರಲಿಲ್ಲ. ೨೦೧೭ರ ಅಕ್ಟೋಬರ್ ೨೨ರಂದು ಜಾರ್ಜನೂ, ನವೆಂಬರ್ ೧೮ರಂದು ಮಾಲ್ಕಮನೂ ತೀರಿಕೊಂಡರು. ಇಪ್ಪತ್ತೇಳು ದಿನಗಳಲ್ಲಿ ಇಬ್ಬರು ಅಣ್ಣಂದಿರು. ಸಿಡ್ನಿಯ ಸೇಂಟ್ ಮೇರಿ ಪ್ರಧಾನ ದೇವಾಲಯದಲ್ಲಿ ಮಾಲ್ಕಮನ ಅಂತ್ಯವಿಧಿ ನಡೆಯಿತು.

೨೦೨೦ರ ನವೆಂಬರಿನಲ್ಲಿ 'ಪವರ್ ಅಪ್' ಎಂಬ ಧ್ವನಿಮುದ್ರಿಕೆಯು ಬಂದಿತು. ಅಣ್ಣನೂ ತಾನೂ ಹಿಂದೆ ಕಟ್ಟಿ ಇಟ್ಟಿದ್ದ ಸ್ವರಗಳನ್ನು ಆಂಗಸನು ಹುಡುಕಿ ತೆಗೆದು ಪೂರ್ತಿಮಾಡಿದುದು. ಪ್ರತಿಯೊಂದು ಹಾಡಿಗೂ ಕರ್ತೃಗಳೆಂದು ಇಬ್ಬರ ಹೆಸರೂ ಇವೆ. ೨೦೨೪ರಲ್ಲಿ ಯೂರೋಪಿನಲ್ಲಿಯೂ ೨೦೨೫ರಲ್ಲಿ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿಯೂ ಆಂಗಸನು ಚಡ್ಡಿ ತೊಟ್ಟು ಕುಣಿದನು. ನಗಾರಿಯ ಪಕ್ಕದ ಆ ಸ್ಥಳದಲ್ಲಿ ಸ್ಟೀವಿಯು ನಿಂತಿದ್ದನು.

ಈ ಸಂಗೀತವು ನನ್ನ ಕಿವಿಗೆ ಇನ್ನೂ ಗದ್ದಲವೇ. ಆದರೂ ಬ್ಯೂನಸ್ ಐರಿಸಿನ ಚಿತ್ರವನ್ನು ಸೋದರಳಿಯನಿಂದ ಮತ್ತೊಮ್ಮೆ ಹಾಕಿಸಿಕೊಂಡು, ಹಿಂದೆ ನಿಂತವನನ್ನು ಮಾತ್ರ ನೋಡಿದೆನು. ಪಲ್ಲವಿ ಬಂದಾಗ ಅವನು ಮೂರು ಹೆಜ್ಜೆ ಮುಂದೆ ಬರುವನು, ದನಿಗೂಡಿಸುವನು, ಮೂರು ಹೆಜ್ಜೆ ಹಿಂದಕ್ಕೆ ಹೋಗುವನು. ಎರಡು ಗಂಟೆಯ ಕಾಲ ಕಾದು ಕುಳಿತೆನು. ಎಲ್ಲಿಯೂ ತಪ್ಪಲಿಲ್ಲ.