ಹೆರಿಗೆ ರಜೆಯ ನಂತರದ ಲೆಕ್ಕ: ಎದೆಹಾಲು, ಇಪ್ಪತ್ತು ನಿಮಿಷ ಮತ್ತು ಒಂದು ಕೋಣೆ

ಉದ್ಯಮ ಸಂಸ್ಥೆಯ ಅಢಾವೆ ಪತ್ರಿಕೆಯಲ್ಲಿ ಕಟ್ಟಡ, ಯಂತ್ರೋಪಕರಣ, ದಾಸ್ತಾನುಗಳಿಗೆ ಸ್ಥಾನವಿದೆ. ಹತ್ತು ವರ್ಷ ದುಡಿದು ಪಳಗಿದ ಸಿಬ್ಬಂದಿಗೆ ಅಲ್ಲಿ ಸ್ಥಾನವಿಲ್ಲ. ಆದರೆ ಅಂಥವರೊಬ್ಬರು ರಾಜೀನಾಮೆ ಪತ್ರವನ್ನು ಮೇಜಿನ ಮೇಲಿಟ್ಟ ದಿನ ಅವರ ಬೆಲೆ ಏನೆಂಬುದು ಮಾಲೀಕರಿಗೆ ಮನವರಿಕೆಯಾಗುತ್ತದೆ.

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಮೂವತ್ತೈದು ಮಂದಿ ದುಡಿಯುವ ಘಟಕವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಲೆಕ್ಕಪತ್ರ ವಿಭಾಗದ ಹೊಣೆ ಹೊತ್ತ ಮಹಿಳೆ ಚೊಚ್ಚಲ ಬಾಣಂತನ ಮುಗಿಸಿ ತವರಿನಿಂದ ಮರಳಿದ್ದಾರೆ. ಜಿಎಸ್‌ಟಿ ವಿವರಪಟ್ಟಿ, ಬ್ಯಾಂಕಿನ ದಾಸ್ತಾನು ಹೇಳಿಕೆ, ಸಾಲಗಾರರ ಬಾಕಿ ಎಲ್ಲವೂ ಅವರಿಗೆ ಕಂಠಪಾಠ. ರಜೆ ಮುಗಿಯಲು ಮೂರು ವಾರ ಉಳಿದಿರುವಾಗ ಅವರು ಕೆಲಸ ಬಿಡುವ ಯೋಚನೆಯಲ್ಲಿದ್ದಾರೆ. ಕಾರಣ ಸಂಬಳವಲ್ಲ, ಪ್ರಯಾಣವೂ ಅಲ್ಲ. ಮನೆಯಲ್ಲಿ ಉಳಿಯುವ ಮಗುವಿಗೆ ಹಾಲು ಹೇಗೆ ಎಂಬ ಒಂದೇ ಪ್ರಶ್ನೆ.

ಕಾನೂನು ಕೊಡುವುದು ಮತ್ತು ಉಳಿಯುವ ಅಂತರ

1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ವೇತನಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಇದೇ ಸೌಲಭ್ಯಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದ್ದು, ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಈ 26 ವಾರಗಳಲ್ಲಿ ಗರಿಷ್ಠ 8 ವಾರಗಳನ್ನು ಹೆರಿಗೆಗೆ ಮುಂಚೆಯೇ ಬಳಸಬಹುದು.

ಇಲ್ಲಿಯೇ ಲೆಕ್ಕದ ಸೂಕ್ಷ್ಮವಿದೆ. ಮೊದಲೇ 8 ವಾರ ರಜೆ ಪಡೆದ ತಾಯಿಗೆ ಹೆರಿಗೆಯ ನಂತರ ಉಳಿಯುವುದು 18 ವಾರ, ಅಂದರೆ 126 ದಿನ. ಮಗುವಿಗೆ ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಹಾಗಾಗಿ ಸುಮಾರು 8 ವಾರಗಳ ಅಂತರ ಉಳಿಯುತ್ತದೆ. ಈ ಅವಧಿಯಲ್ಲಿ ತಾಯಿ ಕಚೇರಿಯಲ್ಲಿ, ಎದೆಹಾಲನ್ನೇ ನೆಚ್ಚಿದ ಮಗು ಮನೆಯಲ್ಲಿ.

ಮಗುವಿಗೆ 15 ತಿಂಗಳು ತುಂಬುವವರೆಗೆ, ಊಟದ ವಿರಾಮದ ಹೊರತಾಗಿ, ದಿನಕ್ಕೆ ಎರಡು ಬಾರಿ ಹಾಲೂಡುವ ವಿರಾಮ ನೀಡಬೇಕು. ಈ ವಿರಾಮದ ಕಾರಣಕ್ಕಾಗಿ ವೇತನ ಕಡಿತ ಮಾಡುವಂತಿಲ್ಲ. ಐವತ್ತು ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಿ, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಲು ಅವಕಾಶ ಕೊಡಬೇಕು. ಮೂವತ್ತೈದು ಮಂದಿಯ ಘಟಕಕ್ಕೆ ಶಿಶುಪಾಲನಾ ಕೇಂದ್ರದ ಕಡ್ಡಾಯವಿಲ್ಲ. ಮಗು ಹನ್ನೆರಡು ಕಿಲೋಮೀಟರ್ ದೂರದಲ್ಲಿರುವಾಗ ಆ ಎರಡು ವಿರಾಮಗಳು ತಾಯಿಗೆ ಉಪಯೋಗಕ್ಕೆ ಬರುವ ದಾರಿ ಒಂದೇ: ಹಾಲನ್ನು ಹಿಂಡಿ ತೆಗೆದು, ಕಾಪಾಡಿ, ಮನೆಗೆ ಒಯ್ಯುವುದು.

ಮೂರು ವಾರಗಳ ಅಭ್ಯಾಸ

ಇದು ಕೆಲಸಕ್ಕೆ ಮರಳುವ ದಿನ ಒಮ್ಮೆಲೇ ಕೈಗೂಡುವ ವಿದ್ಯೆಯಲ್ಲ. ಎರಡು ಮೂರು ವಾರ ಮೊದಲೇ ಅಭ್ಯಾಸ ಆರಂಭಿಸುವುದು ಲೇಸು. ಬಹುಪಾಲು ತಾಯಂದಿರಿಗೆ ಬೆಳಗಿನ ಹೊತ್ತು ಹಾಲು ಹೆಚ್ಚಿರುವುದರಿಂದ, ಬೆಳಿಗ್ಗೆ ಮಗು ಕುಡಿದ ನಂತರ ದಿನಕ್ಕೊಮ್ಮೆ ಹಿಂಡಲು ತೊಡಗಬಹುದು. ಮೊದಲ ದಿನಗಳಲ್ಲಿ ಎರಡು ಮೂರು ಚಮಚೆಯಷ್ಟೇ ಬಂದರೆ ಎದೆಗುಂದಬೇಕಾಗಿಲ್ಲ. ಮಗು ಚೀಪಿದಾಗ ಇಳಿಯುವಷ್ಟು ಹಾಲು ಯಂತ್ರಕ್ಕೆ ಕೂಡಲೇ ಇಳಿಯುವುದಿಲ್ಲ. ಅದು ಹಾಲಿನ ಕೊರತೆಯ ಲಕ್ಷಣವಲ್ಲ.

ಕೈಯಿಂದ ಹಿಂಡುವುದಕ್ಕೆ ಖರ್ಚಿಲ್ಲ. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ ಹೆಬ್ಬೆರಳು ಮತ್ತು ತೋರುಬೆರಳನ್ನಿರಿಸಿ, ಎದೆಯ ಕಡೆಗೆ ಒತ್ತಿ, ನಂತರ ಬೆರಳುಗಳನ್ನು ಕೂಡಿಸಿ ಬಿಡಬೇಕು, ಚರ್ಮವನ್ನು ಉಜ್ಜಬಾರದು. ಕೈಪಂಪು ಅಥವಾ ವಿದ್ಯುತ್ ಪಂಪು ಬಳಸುವವರು ಅದರ ಬಾಯಿಯ ಅಳತೆ ತಮಗೆ ಹೊಂದುವುದೇ ಎಂದು ನೋಡಬೇಕು. ನೋವಾದರೆ ಅಳತೆಯೋ ಸೆಳೆತದ ವೇಗವೋ ಸರಿಯಿಲ್ಲವೆಂದು ಅರ್ಥ. ಬೆಚ್ಚನೆಯ ಬಟ್ಟೆಯ ಶಾಖ, ಮಗುವಿನ ಭಾವಚಿತ್ರ, ಮಗುವಿನ ವಾಸನೆಯಿರುವ ಬಟ್ಟೆ ಇವು ಹಾಲಿಳಿಯಲು ನೆರವಾಗುತ್ತವೆ.

ವಾಣಿಜ್ಯ ಬಲ್ಲವರಿಗೆ ಇದರ ನಿಯಮ ಪರಿಚಿತವೇ: ಬೇಡಿಕೆ ಇದ್ದಷ್ಟು ಪೂರೈಕೆ. ದಿನವಿಡೀ ಹಾಲು ತೆಗೆಯದಿದ್ದರೆ ಎದೆ ಕಟ್ಟಿಕೊಂಡು ನೋವು, ಕೆಲವೊಮ್ಮೆ ಬಾವು, ಜ್ವರ ಬರುತ್ತವೆ. ಇದೇ ಮುಂದುವರಿದರೆ ಹಾಲೂ ಕ್ರಮೇಣ ಇಳಿಮುಖವಾಗುತ್ತದೆ. ಆದ್ದರಿಂದ ಕಚೇರಿಯ ಸಮಯದಲ್ಲಿ ಸುಮಾರು ಮೂರು ಗಂಟೆಗೊಮ್ಮೆ ಹಿಂಡುವುದು ಅಗತ್ಯ.

ದಾಸ್ತಾನಿನ ಶಿಸ್ತು

ಹಿಂಡಿದ ಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯ ಉಷ್ಣಾಂಶದಲ್ಲಿ 4 ಗಂಟೆ, ರೆಫ್ರಿಜರೇಟರಿನಲ್ಲಿ 4 ದಿನ, ಹೆಪ್ಪುಗಟ್ಟಿಸಿದರೆ ಸುಮಾರು 6 ತಿಂಗಳು ಚೆನ್ನಾಗಿರುತ್ತದೆ. ಬಳ್ಳಾರಿ, ರಾಯಚೂರು, ಕಲಬುರಗಿಗಳ ಬೇಸಿಗೆಗೆ ಈ 4 ಗಂಟೆಯ ಲೆಕ್ಕ ಅನ್ವಯಿಸದು. ಅಲ್ಲಿ ಹಿಂಡಿದ ಕೂಡಲೇ ತಂಪಿನಲ್ಲಿಡಬೇಕು. ಮಂಜುಗಡ್ಡೆಯ ಪೊಟ್ಟಣಗಳಿರುವ ಶಾಖನಿರೋಧಕ ಚೀಲದಲ್ಲಿ 24 ಗಂಟೆಯವರೆಗೆ ಇಡಬಹುದಾದ್ದರಿಂದ, ಬಸ್ಸಿನ ಪ್ರಯಾಣಕ್ಕೂ ವಿದ್ಯುತ್ ಕಡಿತಕ್ಕೂ ಅಂಥ ಚೀಲವೇ ಆಸರೆ.

ಒಂದು ಸಲಕ್ಕೆ ಬೇಕಾಗುವ 60ರಿಂದ 100 ಮಿಲಿಲೀಟರಿನಂತೆ ಬೇರೆಬೇರೆ ಮುಚ್ಚಳದ ಪಾತ್ರೆಗಳಲ್ಲಿ ತುಂಬಿ, ದಿನಾಂಕ ಬರೆದಿಟ್ಟು, ಮೊದಲು ತುಂಬಿದ್ದನ್ನು ಮೊದಲು ಬಳಸಬೇಕು. ಉಗ್ರಾಣದ ಈ ನಿಯಮ ಮನೆಯ ರೆಫ್ರಿಜರೇಟರಿಗೂ ಸಲ್ಲುತ್ತದೆ. ಪಂಪಿನ ಭಾಗಗಳನ್ನು ಪ್ರತಿ ಬಳಕೆಯ ನಂತರ ತೊಳೆದು, ದಿನಕ್ಕೊಮ್ಮೆ ಐದು ನಿಮಿಷ ಕುದಿಸಬೇಕು.

ಮನೆಯ ಹಿರಿಯರಿಗೆ ಹುಟ್ಟುವ ಸಂದೇಹ ಸಹಜವಾದದ್ದೇ: "ತಣ್ಣಗಿಟ್ಟ ಹಾಲು ಮಗುವಿಗೆ ಆಗುತ್ತದೆಯೇನಮ್ಮಾ? ಮೇಲೆ ಕೆನೆ ಕಟ್ಟಿದೆಯಲ್ಲ, ಒಡೆದಿರಬೇಕು." ಕೆನೆ ಬೇರ್ಪಡುವುದು ಎದೆಹಾಲಿನ ಸಹಜ ಗುಣ. ಪಾತ್ರೆಯನ್ನು ಮೆಲ್ಲನೆ ತಿರುಗಿಸಿದರೆ ಬೆರೆತುಕೊಳ್ಳುತ್ತದೆ. ಹಾಲನ್ನು ಒಲೆಯ ಮೇಲೆ ಕುದಿಸಬಾರದು, ಮೈಕ್ರೋವೇವ್‌ನಲ್ಲಿಯೂ ಇಡಬಾರದು. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಕುಡಿಸಲು ಸೀಸೆಯೇ ಬೇಕೆಂದಿಲ್ಲ. ತಲೆಮಾರುಗಳಿಂದ ಬಂದ ಒಳಲೆ ಇಂದಿಗೂ ಉತ್ತಮ ಸಾಧನ, ಅದನ್ನು ಹಿಡಿಯಲು ಅಜ್ಜಿಯ ಕೈಗಿಂತ ಪಳಗಿದ ಕೈ ಸಿಗಲಾರದು. ಆದರೆ ಅಜ್ಜಿಗೂ ಮಗುವಿಗೂ ಈ ಹೊಸ ಕ್ರಮ ರೂಢಿಯಾಗಲು ಆ ಮೂರು ವಾರಗಳು ಬೇಕು.

ಮಾಲೀಕರ ಪಾಲಿನ ಖರ್ಚು

ದಿನಕ್ಕೆ ಎರಡು ಬಾರಿ, ತಲಾ 20 ನಿಮಿಷ: ಒಟ್ಟು 40 ನಿಮಿಷ. ಮೇಲೆ ಹೇಳಿದ 8 ವಾರಗಳಲ್ಲಿ ವಾರಕ್ಕೆ 6 ದಿನದಂತೆ 48 ಕೆಲಸದ ದಿನಗಳು. ಒಟ್ಟು 1,920 ನಿಮಿಷ, ಅಂದರೆ 32 ಗಂಟೆ. ಎಂಟು ಗಂಟೆಯ ಪಾಳಿಯ ಲೆಕ್ಕದಲ್ಲಿ ಕೇವಲ ನಾಲ್ಕು ದಿನ. ಆರು ತಿಂಗಳ ನಂತರ ಮಗುವಿಗೆ ಇತರ ಆಹಾರ ಆರಂಭವಾಗುವುದರಿಂದ ಅಗತ್ಯ ಕ್ರಮೇಣ ಕಡಿಮೆಯಾಗುತ್ತದೆ. ಇನ್ನೊಂದು ಕಡೆಗೆ, ಹೊಸಬರನ್ನು ಹುಡುಕಿ, ತರಬೇತಿ ಕೊಟ್ಟು, ಅವರಿಗೆ ಖಾತೆಗಳ ಪರಿಚಯವಾಗುವಷ್ಟರಲ್ಲಿ ಎಷ್ಟು ದಿನ ಕಳೆಯುವುದೆಂಬುದನ್ನು ಪ್ರತಿ ಮಾಲೀಕರೂ ತಮ್ಮ ಅನುಭವದಿಂದ ಬಲ್ಲರು. ಆ ನಡುವೆ ತಡವಾದ ವಿವರಪಟ್ಟಿಯ ದಂಡ, ವಸೂಲಾಗದೆ ಉಳಿದ ಬಾಕಿ ಬೇರೆ.

ಬೇಕಾದ ಸಲಕರಣೆಯೂ ಹೆಚ್ಚಿನದಲ್ಲ: ಒಳಗಿನಿಂದ ಚಿಲಕ ಹಾಕಬಹುದಾದ ಕೋಣೆ, ಒರಗು ಕುರ್ಚಿ, ವಿದ್ಯುತ್ ಸಂಪರ್ಕ, ಕೈ ತೊಳೆಯಲು ನೀರು, ರೆಫ್ರಿಜರೇಟರಿನಲ್ಲಿ ಒಂದು ಮುಚ್ಚಿದ ಡಬ್ಬಿಯಷ್ಟು ಜಾಗ. ಹಳೆಯ ವೋಚರುಗಳನ್ನು ಕಟ್ಟಿಟ್ಟ ಕೋಣೆಯನ್ನು ಶುಚಿಗೊಳಿಸಿ ಪರದೆ ಹಾಕಿದರೂ ಸಾಕಾಗುತ್ತದೆ. ಶೌಚಾಲಯವನ್ನು ಮಾತ್ರ ತೋರಿಸಬಾರದು. ಯಾರೂ ಅಲ್ಲಿ ಕುಳಿತು ಊಟ ಮಾಡಲಾರರು. ಮಗುವಿನ ಊಟವನ್ನು ಅಲ್ಲಿ ಸಿದ್ಧಪಡಿಸೆಂದು ತಾಯಿಗೆ ಹೇಳುವುದು ನ್ಯಾಯವಲ್ಲ.

ಸಣ್ಣ ಘಟಕಗಳಲ್ಲಿ ಇದಕ್ಕಿಂತ ದೊಡ್ಡ ತೊಡಕು ಸಂಕೋಚ. ಪುರುಷ ಮಾಲೀಕರ ಎದುರು ಈ ಮಾತನ್ನೆತ್ತಲು ಸಿಬ್ಬಂದಿ ಹಿಂಜರಿಯುತ್ತಾರೆ, ಕೇಳಲು ಮಾಲೀಕರೂ ಹಿಂಜರಿಯುತ್ತಾರೆ. ರಜೆ ಮಂಜೂರಾತಿ ಪತ್ರದಲ್ಲಿಯೇ ವಿರಾಮದ ವೇಳೆ ಮತ್ತು ಕೋಣೆಯ ವ್ಯವಸ್ಥೆಯನ್ನು ಎರಡು ಸಾಲಿನಲ್ಲಿ ನಮೂದಿಸಿದರೆ ಇಬ್ಬರಿಗೂ ಮುಜುಗರ ತಪ್ಪುತ್ತದೆ. ತಾಯಿಗೆ ತನ್ನ ಮೂರು ವಾರಗಳ ಅಭ್ಯಾಸ ವ್ಯರ್ಥವಾಗದೆಂಬ ಭರವಸೆ ಅಲ್ಲಿಂದಲೇ ದೊರೆಯುತ್ತದೆ. ಆ ಎರಡು ಸಾಲಿಗೆ ತಗಲುವ ವೆಚ್ಚ ಒಂದು ಹಾಳೆ ಕಾಗದ. ಬರೆಯದೆ ಉಳಿದರೆ ಕಳೆದುಕೊಳ್ಳುವುದು ಹತ್ತು ವರ್ಷದ ಅನುಭವ.