ಸೂಜಿಯ ಹಾದಿ ಹಿಡಿದ ವೈರಸ್

ಯಕೃತ್ತನ್ನು ಬಾಧಿಸುವ ಹೆಪಟೈಟಿಸ್ ಸಿ ವೈರಸ್ಸು ಪತ್ತೆಯಾದುದು 1989ರಲ್ಲಿ. ಅದರ ಆನುವಂಶಿಕ ಲಿಪಿಯಲ್ಲಿ ಸುಮಾರು 9,600 ಅಕ್ಷರಗಳುಂಟು. ಈ ಲಿಪಿಯ ಪ್ರತಿ ತೆಗೆಯುವಾಗ ನುಸುಳುವ ತಪ್ಪುಗಳನ್ನು ವೈರಸ್ಸು ತಿದ್ದಿಕೊಳ್ಳಲಾರದು. ತಪ್ಪುಗಳು ತಲೆತಲಾಂತರದಿಂದ ಕೂಡುತ್ತ ಬಂದು, ಇಂದು ಎಂಟು ಜೀನೋಟೈಪುಗಳು, ಎಂದರೆ ಕುಲಗಳು, ಗುರುತಿಸಲ್ಪಟ್ಟಿವೆ. ಕುಲಕುಲಗಳ ನಡುವೆ ನೂರಕ್ಕೆ ಸುಮಾರು 30 ಅಕ್ಷರಗಳು ಬೇರೆ. ಅಮೆರಿಕದಲ್ಲಿ 1ನೆಯ ಕುಲವೂ ಭಾರತದಲ್ಲಿ 3ನೆಯದೂ ಈಜಿಪ್ಟಿನಲ್ಲಿ 4ನೆಯದೂ ಪ್ರಬಲವಾಗಿವೆ.

ಈಜಿಪ್ಟಿನಲ್ಲಿ ಈ 4ನೆಯ ಕುಲವು ಅಷ್ಟು ವ್ಯಾಪಕವಾಗಿ ಹಬ್ಬಿದ್ದೇಕೆ? ನೈಲ್ ನದಿಯ ಕಾಲುವೆಗಳಲ್ಲಿ ಇಳಿದು ದುಡಿಯುವ ರೈತರನ್ನು ಬಿಲ್ಹಾರ್ಜಿಯ ಎಂಬ ಹುಳುರೋಗವು ಕಾಡುತ್ತಿತ್ತು. ಅದನ್ನು ತೊಲಗಿಸಲು 1950ರ ದಶಕದಿಂದ 1980ರ ದಶಕದ ಆರಂಭದವರೆಗೆ ಹಳ್ಳಿಹಳ್ಳಿಗಳಲ್ಲಿ ಆಂಟಿಮನಿ ಲವಣವನ್ನು ರಕ್ತನಾಳಕ್ಕೆ ಚುಚ್ಚಲಾಯಿತು. ಉದ್ದೇಶವೇನೋ ಒಳ್ಳೆಯದೇ. ಆದರೆ ಚೆನ್ನಾಗಿ ಕುದಿಸದ ಸೂಜಿಗಳು ತೋಳಿಂದ ತೋಳಿಗೆ ಸಾಗಿದುವು. ಅವುಗಳೊಡನೆ, ಆಗಿನ್ನೂ ಹೆಸರೇ ಇಲ್ಲದ ವೈರಸ್ಸೂ ಸಾಗಿತು. ಲಿಪಿಯ ಭೇದಗಳೂ ಇದಕ್ಕೆ ಸಾಕ್ಷಿ: ಅವುಗಳನ್ನೆಣಿಸಿ ಕಾಲವನ್ನು ಲೆಕ್ಕ ಹಾಕಿದರೆ, ಅಲ್ಲಿ ಈ ಕುಲವು ವೇಗವಾಗಿ ಬೆಳೆದದ್ದು ಚುಚ್ಚುಮದ್ದುಗಳು ಬಳಕೆಗೆ ಬಂದ 20ನೆಯ ಶತಮಾನದಲ್ಲಿಯೇ.

2008ರ ಸಮೀಕ್ಷೆಯಲ್ಲಿ, 15ರಿಂದ 59 ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 15 ಮಂದಿಯ ರಕ್ತದಲ್ಲಿ ಈ ಸೋಂಕಿನ ಗುರುತು ಸಿಕ್ಕಿತು. 2014ರಿಂದ ಹೊಸ ಗುಳಿಗೆಗಳು ಬಂದುವು; 2018ರಲ್ಲಿ ಆರಂಭವಾದ ತಪಾಸಣೆಯಲ್ಲಿ ಕೋಟಿಗಟ್ಟಲೆ ಜನರ ರಕ್ತವನ್ನು ಪರೀಕ್ಷಿಸಲಾಯಿತು. ರೋಗವೀಗ ಹಿಮ್ಮೆಟ್ಟಿದೆ. ರೋಗನಿವಾರಣೆಗೆ ಸದುದ್ದೇಶವೊಂದೇ ಸಾಲದು, ಸೂಜಿಯೂ ಶುದ್ಧವಾಗಿರಬೇಕು.